ವಿಕ್ಟೋರಿಯಾ ಕೆಂಟ್

ವಿಕ್ಟೋರಿಯಾ ಕೆಂಟ್ ಸಿಯಾನೊ ಸ್ಪೇನ್ ದೇಶದ ನ್ಯಾಯವಾದಿ, ರಾಜಕಾರಣಿ ಹಾಗೂ ಬಂದೀಖಾನೆ ಸುಧಾರಕಿ. ಎರಡನೆಯ ಗಣರಾಜ್ಯದ ಆರಂಭದಲ್ಲಿ, 1931ರಿಂದ 1932ರವರೆಗೆ, ಆ ದೇಶದ ಬಂದೀಖಾನೆಗಳ ಮಹಾನಿರ್ದೇಶಕಿಯಾಗಿದ್ದರು. ಈ ಹುದ್ದೆಗೇರಿದ ಮೊದಲ ಮಹಿಳೆ ಇವರೇ.

ಆರಂಭಿಕ ಜೀವನ

ದಕ್ಷಿಣ ಸ್ಪೇನಿನ ಮಾಲಗಾ ನಗರದಲ್ಲಿ ಜನಿಸಿದ ಕೆಂಟ್, ಶಿಕ್ಷಕಿಯ ತರಬೇತಿ ಪಡೆದ ಬಳಿಕ ಮ್ಯಾಡ್ರಿಡ್‌ನಲ್ಲಿ ಕಾನೂನು ವ್ಯಾಸಂಗ ಮಾಡಿದರು. 1925ರಲ್ಲಿ ಮ್ಯಾಡ್ರಿಡ್ ವಕೀಲರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು. ರಾಜಪ್ರಭುತ್ವದ ವಿರುದ್ಧ ದಂಗೆಗೆ ಸಂಚು ಹೂಡಿದ ಆರೋಪ ಹೊತ್ತಿದ್ದ ಆಲ್ವಾರೊ ದೆ ಆಲ್ಬೊರ್ನೋಸ್ ಅವರ ಪರವಾಗಿ 1931ರಲ್ಲಿ ಸೇನಾ ನ್ಯಾಯಾಲಯದಲ್ಲಿ ವಾದಿಸಿದ್ದು ಅವರಿಗೆ ದೇಶವ್ಯಾಪಿ ಖ್ಯಾತಿ ತಂದಿತು.

ಬಂದೀಖಾನೆಗಳ ಆಡಳಿತ

1931ರ ಏಪ್ರಿಲ್ 14ರಂದು ಗಣರಾಜ್ಯ ಘೋಷಣೆಯಾಯಿತು. ಸ್ವಲ್ಪದರಲ್ಲೇ ಕೆಂಟ್ ಅವರ ನೇಮಕವೂ ಆಯಿತು. ಶಿಕ್ಷೆಯ ಉದ್ದೇಶ ಕೈದಿಯನ್ನು ಮರಳಿ ಸಮಾಜಕ್ಕೆ ಒಪ್ಪಿಸುವುದೇ ಹೊರತು ಅವನನ್ನು ಕುಗ್ಗಿಸುವುದಲ್ಲ ಎಂಬುದು ಅವರ ನಿಲುವು. ಹತ್ತೊಂಬತ್ತನೆಯ ಶತಮಾನದ ಸುಧಾರಕಿ ಕೊನ್ಸೆಪ್ಸಿಯೋನ್ ಅರೆನಾಲ್ ಅವರ ಬರಹಗಳಿಂದ ಬಂದ ನಿಲುವಿದು. ವಾಸಯೋಗ್ಯವಲ್ಲದ ನೂರಕ್ಕೂ ಹೆಚ್ಚು ಸಣ್ಣ ಸೆರೆಮನೆಗಳನ್ನು ಅವರು ಮುಚ್ಚಿಸಿದರು. ಆಹಾರವನ್ನು ಸುಧಾರಿಸಿದರು, ಪೂಜೆ ಪ್ರಾರ್ಥನೆಗಳಲ್ಲಿ ಭಾಗವಹಿಸುವ ಬಲವಂತವನ್ನು ತೆಗೆದುಹಾಕಿದರು. ಕೈದಿಗಳಿಗೆ ತೊಡಿಸುತ್ತಿದ್ದ ಸಂಕೋಲೆಗಳನ್ನೆಲ್ಲ ಸಂಗ್ರಹಿಸಿ, ಕರಗಿಸಿ, ಆ ಲೋಹದಿಂದ ಅರೆನಾಲ್ ಅವರ ಪ್ರತಿಮೆಯನ್ನು ಮಾಡಿಸಿದರು. ಗುರುದಕ್ಷಿಣೆಯಲ್ಲಿ ಇದಕ್ಕೆ ಸಮನಾದುದು ಅಪರೂಪ.

ಮಹಿಳಾ ಸೆರೆಮನೆಗಳಲ್ಲಿ ಸನ್ಯಾಸಿನಿಯರ ಬದಲು ತರಬೇತಿ ಹೊಂದಿದ ಮಹಿಳಾ ಸಿಬ್ಬಂದಿಯ ಪ್ರತ್ಯೇಕ ದಳವನ್ನು ರಚಿಸಿದರು. ಮ್ಯಾಡ್ರಿಡ್‌ನ ವೆಂಟಾಸ್‌ನಲ್ಲಿ ಹೊಸ ಮಹಿಳಾ ಬಂದೀಖಾನೆಯ ನಿರ್ಮಾಣ ಅವರ ಕಾಲದಲ್ಲಿಯೇ ಆರಂಭವಾಯಿತು. ಗಾಳಿ ಬೆಳಕಿನ ಕೋಣೆಗಳಿದ್ದ, ಮಕ್ಕಳೊಡನೆ ಬರುವ ತಾಯಂದಿರಿಗೆ ಸ್ಥಳವಿದ್ದ ಆ ಕಟ್ಟಡದಲ್ಲಿ ದಂಡನೆಯ ಕತ್ತಲೆಕೋಣೆ ಇರಲಿಲ್ಲ. ಆದರೆ ಈ ಉದಾರನೀತಿಯಿಂದ ಶಿಸ್ತು ಸಡಿಲವಾಯಿತೆಂಬ ಆಕ್ಷೇಪ ಬಲಗೊಂಡಿತು. ಸರಕಾರದ ಬೆಂಬಲವೂ ಕ್ಷೀಣಿಸಿತು. 1932ರಲ್ಲಿ ಕೆಂಟ್ ರಾಜೀನಾಮೆ ನೀಡಿದರು.

ಅಂತರ್ಯುದ್ಧದ ನಂತರ ಫ್ರಾಂಕೊ ಆಡಳಿತವು ಕೆಲವು ನೂರು ಮಂದಿಗಾಗಿ ಕಟ್ಟಿದ್ದ ವೆಂಟಾಸ್‌ನಲ್ಲಿ ಸಾವಿರಾರು ಸ್ತ್ರೀಯರನ್ನು ತುಂಬಿತು. 1939ರ ಆಗಸ್ಟ್ 5ರಂದು ಗುಂಡಿಗೆ ಬಲಿಯಾದ, ಹದಿಮೂರು ಗುಲಾಬಿಗಳೆಂದು ಹೆಸರಾದ ತರುಣಿಯರು ಅಲ್ಲಿಯೇ ಸೆರೆಯಲ್ಲಿದ್ದವರು.

ಮತದಾನದ ಹಕ್ಕಿನ ವಿವಾದ

ಸಂವಿಧಾನ ಸಭೆಯ ಸದಸ್ಯೆಯಾಗಿದ್ದ ಕೆಂಟ್, 1931ರ ಅಕ್ಟೋಬರ್ 1ರಂದು ಸ್ತ್ರೀಯರಿಗೆ ಮತದಾನದ ಹಕ್ಕನ್ನು ಆಗಲೇ ನೀಡುವುದನ್ನು ವಿರೋಧಿಸಿದರು. ಚರ್ಚಿನ ಪ್ರಭಾವಕ್ಕೊಳಗಾದ ಮತಗಳಿಂದ ಗಣರಾಜ್ಯಕ್ಕೆ ಧಕ್ಕೆಯಾದೀತೆಂಬ ಅಂಜಿಕೆ ಅವರದು. ಕ್ಲಾರಾ ಕಾಂಪೊಅಮೋರ್ ಅವರ ವಾದವೇ 161–121 ಮತಗಳಿಂದ ಗೆದ್ದಿತು. ಸ್ತ್ರೀವಿಮೋಚನೆಯ ಚರಿತ್ರೆಯಲ್ಲಿ ಕೆಂಟ್ ಅವರ ಹೆಸರು ಹಿಂದೆ ಸರಿಯಲು ಇದೇ ಮುಖ್ಯ ಕಾರಣ. ಬಂದೀಖಾನೆಯ ಕೆಲಸವನ್ನು ಈ ಒಂದು ತಪ್ಪಿನಿಂದ ಅಳೆಯುವುದು ನ್ಯಾಯವೆನಿಸದು.

ದೇಶಾಂತರ ವಾಸ

ಅಂತರ್ಯುದ್ಧದ ಕಾಲದಲ್ಲಿ ಪ್ಯಾರಿಸ್‌ಗೆ ತೆರಳಿ ನಿರಾಶ್ರಿತ ಮಕ್ಕಳ ಆರೈಕೆ ನೋಡಿಕೊಂಡರು. ನಾಜಿಗಳು ನಗರವನ್ನು ಆಕ್ರಮಿಸಿದಾಗ ಸುಳ್ಳು ಹೆಸರಿನಲ್ಲಿ ವರ್ಷಗಟ್ಟಲೆ ಅಡಗಿ ಬಾಳಿದರು. ಮುಂದೆ ಮೆಕ್ಸಿಕೊದಲ್ಲಿ ಬಂದೀಖಾನೆ ಸಿಬ್ಬಂದಿಯ ತರಬೇತಿ ಶಾಲೆಯನ್ನು ನಡೆಸಿದರು. ನ್ಯೂಯಾರ್ಕ್‌ನಲ್ಲಿ 1954ರಿಂದ 1974ರವರೆಗೆ ಫ್ರಾಂಕೊ ವಿರೋಧಿ ಪತ್ರಿಕೆ ಇಬೇರಿಕಾವನ್ನು ಸಂಪಾದಿಸಿದರು. 1977ರಲ್ಲಿ ಸ್ವದೇಶಕ್ಕೆ ಬಂದರಾದರೂ ಅಲ್ಲಿ ನೆಲೆಸಲಿಲ್ಲ. 1987ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನ ಹೊಂದಿದರು. ಮ್ಯಾಡ್ರಿಡ್‌ನ ಹಳೆಯ ಯೆಸೆರಿಯಾಸ್ ಸೆರೆಮನೆಯ ಕಟ್ಟಡದಲ್ಲಿರುವ ಕೈದಿಗಳ ಪುನರ್ವಸತಿ ಕೇಂದ್ರಕ್ಕೆ ಈಗ ಅವರ ಹೆಸರಿದೆ.