ಸರ್ ಸೈಯದ್ ಅಹ್ಮದ್ ಖಾನ್: ಅಲೀಗಢದ ವಸತಿ ಕಾಲೇಜಿನ ಶಿಲ್ಪಿ

ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ವಿಭಾಗದ ಜೊತೆಗೆ ಒಂದು ‘ಹಾಲ್’ ಕೂಡ ಇರುತ್ತದೆ. ಹಾಲ್ ಎಂದರೆ ಬರೀ ಸಭಾಂಗಣವಲ್ಲ. ಹಲವು ಹಾಸ್ಟೆಲುಗಳು, ಊಟದ ಮನೆ, ವಾಚನಾಲಯ, ಆಟದ ವ್ಯವಸ್ಥೆ, ಇವೆಲ್ಲವನ್ನು ನೋಡಿಕೊಳ್ಳುವ ಒಬ್ಬ ಪ್ರೊವೋಸ್ಟ್ ಮತ್ತು ವಾರ್ಡನ್‌ಗಳು ಸೇರಿದ ಒಂದು ವಸತಿ ಸಮುದಾಯ ಅದು. ಊರಿನಲ್ಲಿ ಸ್ವಂತ ಮನೆಯಿದ್ದು ದಿನವೂ ಬಂದು ಹೋಗುವ ವಿದ್ಯಾರ್ಥಿಗಳಿಗೂ ಅಲ್ಲಿ ಪ್ರತ್ಯೇಕ ಕೇಂದ್ರವಿದೆ. ಯಾವ ನಿಲಯಕ್ಕೂ ಸೇರದ ವಿದ್ಯಾರ್ಥಿ ಅಲ್ಲಿಲ್ಲ.

ಈ ಏರ್ಪಾಡಿನ ಹಿಂದೆ ಒಬ್ಬ ವ್ಯಕ್ತಿಯ ದೃಢವಾದ ನಂಬಿಕೆಯಿದೆ. ಸರ್ ಸೈಯದ್ ಅಹ್ಮದ್ ಖಾನ್ ಕಾಲೇಜು ಸ್ಥಾಪಿಸಿದರೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವರು ಕಟ್ಟಲು ಹೊರಟದ್ದು ಪಾಠದ ಕೊಠಡಿಗಳನ್ನು ಮಾತ್ರವಲ್ಲ. ವಿದ್ಯಾರ್ಥಿಗಳು ಒಟ್ಟಿಗೆ ಬಾಳುವ ಒಂದು ಮನೆಯನ್ನು. ಅವರ ಬದುಕನ್ನು ಈ ದೃಷ್ಟಿಯಿಂದ ನೋಡುವುದು ಇಂದಿನ ವಿದ್ಯಾರ್ಥಿಗಳಿಗೆ ಉಪಯುಕ್ತ.

ತಾಯಿ ಕಲಿಸಿದ ಪಾಠ

ಸೈಯದ್ ಅಹ್ಮದ್ 1817ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ಹುಟ್ಟಿದರು. ಮೊಗಲ್ ದರ್ಬಾರಿನ ಹಳೆಯ ಒಡನಾಟವಿದ್ದ ಮನೆತನ ಅವರದು. ತಾಯಿಯ ತಂದೆ ಖ್ವಾಜಾ ಫರೀದುದ್ದೀನ್ ಅಹ್ಮದ್ ಗಣಿತದಲ್ಲಿ ಪಾರಂಗತರಾಗಿದ್ದು, ಎರಡನೇ ಅಕ್ಬರ್ ಷಾನ ವಜೀರರಾಗಿದ್ದರು. ಆದರೆ ಬಾಲಕನನ್ನು ರೂಪಿಸಿದವರು ತಾಯಿ ಅಜೀಜುನ್ನಿಸಾ. ಒಮ್ಮೆ ಹುಡುಗ ಮನೆಯ ವೃದ್ಧ ಸೇವಕನಿಗೆ ಹೊಡೆದ. ವಿಷಯ ತಿಳಿದ ತಾಯಿ ಮಗನನ್ನು ಮನೆಯಿಂದ ಹೊರಗೆ ಹಾಕಿದರು. ಚಿಕ್ಕಮ್ಮನ ಮನೆಯಲ್ಲಿ ಅಡಗಿದ್ದ ಹುಡುಗ ಸೇವಕನ ಮುಂದೆ ನಿಂತು ಕ್ಷಮೆ ಕೇಳಿದ ಮೇಲೆಯೇ ಮನೆಯ ಬಾಗಿಲು ತೆರೆಯಿತು. ಪುಸ್ತಕ ಕಲಿಸದ ಪಾಠವನ್ನು ವಾಸದ ಮನೆ ಕಲಿಸಬಲ್ಲದು ಎಂಬುದನ್ನು ಅವರು ಹೀಗೆ ಸ್ವತಃ ಅನುಭವಿಸಿದ್ದರು.

1838ರಲ್ಲಿ ತಂದೆ ತೀರಿಕೊಂಡರು. ಮನೆಯ ಭಾರ ಹೊತ್ತ ಸೈಯದ್ ಅಹ್ಮದ್ ಕಂಪನಿ ಸರ್ಕಾರದ ನ್ಯಾಯಾಲಯದಲ್ಲಿ ನೌಕರಿಗೆ ಸೇರಿ, 1841ರಲ್ಲಿ ಮುನ್ಸಿಫರಾದರು. ಬಿಡುವಿನ ವೇಳೆಯಲ್ಲಿ ದೆಹಲಿಯ ಪಾಳುಬಿದ್ದ ಕಟ್ಟಡಗಳನ್ನು ಅಳೆದು, ಶಾಸನಗಳನ್ನು ಓದಿ, 1847ರಲ್ಲಿ ‘ಆಸಾರುಸ್ಸನಾದೀದ್’ ಎಂಬ ಗ್ರಂಥವನ್ನು ಪ್ರಕಟಿಸಿದರು.

1857ರ ಗಾಯ

1857ರ ದಂಗೆಯ ಕಾಲಕ್ಕೆ ಅವರು ಬಿಜನೂರಿನಲ್ಲಿ ಸದರ್ ಅಮೀನರಾಗಿದ್ದರು. ಅಲ್ಲಿನ ಯೂರೋಪಿಯನ್ ಕುಟುಂಬಗಳ ಪ್ರಾಣ ಉಳಿಸಿದರು. ಆದರೆ ದೆಹಲಿಗೆ ಬಂದಾಗ ಕಂಡ ದೃಶ್ಯ ಬೇರೆಯೇ ಆಗಿತ್ತು. ಬಂಧುಗಳು ಹತರಾಗಿದ್ದರು. ತಾಯಿ ಕುದುರೆಗೆ ಇಟ್ಟಿದ್ದ ಕಾಳು ತಿಂದು, ನೀರಿಲ್ಲದೆ ಅಡಗಿ ಕುಳಿತಿದ್ದರು. ಅವರನ್ನು ಮೀರತ್‌ಗೆ ಕರೆದೊಯ್ದರೂ ಹೆಚ್ಚು ದಿನ ಬದುಕಲಿಲ್ಲ. ನಿಷ್ಠೆಗೆ ಬಹುಮಾನವೆಂದು ಸರ್ಕಾರ ಒಂದು ಮುಸ್ಲಿಂ ಮನೆತನದಿಂದ ಮುಟ್ಟುಗೋಲು ಹಾಕಿಕೊಂಡ ಜಮೀನ್ದಾರಿಯನ್ನು ಕೊಡಲು ಬಂದಾಗ ಅವರು ಒಪ್ಪಲಿಲ್ಲ. ದೇಶ ಬಿಟ್ಟು ಈಜಿಪ್ಟಿಗೆ ಹೋಗಿ ನೆಲೆಸುವ ಯೋಚನೆಯೂ ಬಂತು. ಕೊನೆಗೆ, ತನ್ನ ಜನ ಕಷ್ಟದಲ್ಲಿರುವಾಗ ಓಡಿಹೋಗುವುದು ಸಲ್ಲದೆಂದು ಇಲ್ಲಿಯೇ ಉಳಿದರು.

ಅಂದಿನಿಂದ ಅವರ ಶ್ರಮವೆಲ್ಲ ಶಿಕ್ಷಣಕ್ಕೆ ಮೀಸಲಾಯಿತು. ಮುರಾದಾಬಾದಿನಲ್ಲಿ, ನಂತರ ಗಾಜಿಪುರದಲ್ಲಿ ಶಾಲೆಗಳನ್ನು ತೆರೆದರು. 1864ರಲ್ಲಿ ಗಾಜಿಪುರದಲ್ಲಿ ಸೈಂಟಿಫಿಕ್ ಸೊಸೈಟಿಯನ್ನು ಸ್ಥಾಪಿಸಿ, ಇಂಗ್ಲಿಷಿನ ವಿಜ್ಞಾನ, ಇತಿಹಾಸ ಗ್ರಂಥಗಳನ್ನು ಉರ್ದುವಿಗೆ ತರಿಸಿದರು. ಅದೇ ವರ್ಷ ಅಲೀಗಢಕ್ಕೆ ವರ್ಗವಾದಾಗ ಸೊಸೈಟಿಯೂ ಜೊತೆಯಲ್ಲಿ ಬಂತು.

ಕೇಂಬ್ರಿಡ್ಜ್‌ನಲ್ಲಿ ಕಂಡದ್ದು

1869ರಲ್ಲಿ ಮಗ ಸೈಯದ್ ಮಹಮೂದ್‌ಗೆ ಇಂಗ್ಲೆಂಡಿನಲ್ಲಿ ಓದಲು ವಿದ್ಯಾರ್ಥಿವೇತನ ದೊರಕಿತು. ಐವತ್ತು ದಾಟಿದ್ದ ತಂದೆಯೂ ಮನೆಯನ್ನು ಒತ್ತೆಯಿಟ್ಟು ಹಣ ಹೊಂದಿಸಿಕೊಂಡು ಹೊರಟರು. ಪ್ರವಾದಿ ಮುಹಮ್ಮದ್ (ಸ) ಅವರ ಜೀವನದ ಬಗ್ಗೆ ವಿಲಿಯಂ ಮ್ಯೂರ್ ಬರೆದಿದ್ದ ಪುಸ್ತಕಕ್ಕೆ ಉತ್ತರ ಬರೆಯುವುದು ಒಂದು ಉದ್ದೇಶ. ಆ ದೇಶದ ವಿದ್ಯಾಸಂಸ್ಥೆಗಳನ್ನು ಕಣ್ಣಾರೆ ನೋಡುವುದು ಇನ್ನೊಂದು.

ಆಗ ಭಾರತದಲ್ಲಿದ್ದ ಕಲ್ಕತ್ತ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ 1857ರಲ್ಲಿ ಸ್ಥಾಪನೆಯಾಗಿದ್ದವು. ಪರೀಕ್ಷೆ ನಡೆಸಿ ಪದವಿ ಕೊಡುವುದೇ ಅವುಗಳ ಕೆಲಸ. ವಿದ್ಯಾರ್ಥಿ ಎಲ್ಲಿ ವಾಸಿಸುತ್ತಾನೆ, ಯಾರ ಜೊತೆ ಬೆರೆಯುತ್ತಾನೆ ಎಂಬುದು ಅವುಗಳಿಗೆ ಸಂಬಂಧವಿರಲಿಲ್ಲ. ಕೇಂಬ್ರಿಡ್ಜ್‌ನಲ್ಲಿ ಸ್ಥಿತಿ ಬೇರೆ. ಅಲ್ಲಿ ವಿಶ್ವವಿದ್ಯಾಲಯವೆಂದರೆ ಅನೇಕ ವಸತಿ ಕಾಲೇಜುಗಳ ಕೂಟ. ಮಹಮೂದ್ ಸೇರಿದ ಕ್ರೈಸ್ಟ್ಸ್ ಕಾಲೇಜು ಅವುಗಳಲ್ಲೊಂದು. ಚೌಕಾಕಾರದ ಅಂಗಳ, ಸುತ್ತಲೂ ವಿದ್ಯಾರ್ಥಿಗಳ ಕೋಣೆಗಳು, ಎಲ್ಲರೂ ಒಟ್ಟಿಗೆ ಊಟ ಮಾಡುವ ದೊಡ್ಡ ಶಾಲೆ, ಪ್ರಾರ್ಥನಾ ಮಂದಿರ, ಅದೇ ಆವರಣದಲ್ಲಿ ಗುರುಗಳ ವಾಸ. ಪಾಠದ ಗಂಟೆ ಮುಗಿದ ಮೇಲೂ ಕಲಿಕೆ ಮುಗಿಯುತ್ತಿರಲಿಲ್ಲ.

ತಮ್ಮ ಕಾಲದ ಶ್ರೀಮಂತ ಮನೆಗಳಲ್ಲಿ ಮಕ್ಕಳು ಆಳುಕಾಳುಗಳ ಮಧ್ಯೆ ಸೋಮಾರಿಗಳಾಗಿ ಬೆಳೆಯುವುದನ್ನು ಸೈಯದ್ ಅಹ್ಮದ್ ಕಂಡಿದ್ದರು. ತಮ್ಮ ತಾಯಿಯಂಥವರು ಎಲ್ಲ ಮನೆಯಲ್ಲೂ ಇರಲಿಲ್ಲ. ಹಾಗಾದರೆ ಆ ಮನೆಯ ಕೆಲಸವನ್ನು ಕಾಲೇಜೇ ಮಾಡಬೇಕು ಎಂಬ ನಿರ್ಧಾರದೊಂದಿಗೆ ಅವರು 1870ರಲ್ಲಿ ಹಿಂದಿರುಗಿದರು. ಆ ವರ್ಷವೇ ‘ತಹ್ಜೀಬುಲ್ ಅಖ್ಲಾಕ್’ ಪತ್ರಿಕೆ ಹೊರಬಂತು. 1873ರಲ್ಲಿ ಸೈಯದ್ ಮಹಮೂದ್ ಕೇಂಬ್ರಿಡ್ಜ್ ಮಾದರಿಯ ವಸತಿ ವಿಶ್ವವಿದ್ಯಾಲಯದ ಪೂರ್ಣ ಯೋಜನೆಯನ್ನು ಸಮಿತಿಯ ಮುಂದಿಟ್ಟರು.

ಹಳೆಯ ದಂಡು ಪ್ರದೇಶದಲ್ಲಿ ಹೊಸ ಮನೆ

ಅಲೀಗಢದಲ್ಲಿ ಸೇನೆ ಬಿಟ್ಟುಹೋಗಿದ್ದ ದಂಡು ಪ್ರದೇಶದ ಸುಮಾರು 74 ಎಕರೆ ಜಮೀನು ದೊರಕಿತು. ಸೈಯದ್ ಅಹ್ಮದ್ ಇನ್ನೂ ಬನಾರಸಿನಲ್ಲಿ ನೌಕರಿಯಲ್ಲಿದ್ದುದರಿಂದ, ಮಿತ್ರ ಮೌಲವಿ ಸಮೀವುಲ್ಲಾ ಖಾನರು ಮುಂದೆ ನಿಂತು 1875ರ ಮೇ 24ರಂದು ಶಾಲೆಯನ್ನು ಆರಂಭಿಸಿದರು. 1876ರಲ್ಲಿ ನಿವೃತ್ತರಾದ ಸೈಯದ್ ಅಹ್ಮದ್ ಅಲೀಗಢಕ್ಕೇ ಬಂದು ನೆಲೆಸಿದರು. 1877ರ ಜನವರಿ 8ರಂದು ವೈಸರಾಯ್ ಲಾರ್ಡ್ ಲಿಟ್ಟನ್ ಮುಹಮ್ಮಡನ್ ಆಂಗ್ಲೋ ಓರಿಯಂಟಲ್ ಕಾಲೇಜಿನ ಅಡಿಗಲ್ಲು ಹಾಕಿದರು.

ಹಣ ಕೂಡಿಸುವುದು ಸುಲಭವಾಗಿರಲಿಲ್ಲ. ಅವರು ಊರೂರು ತಿರುಗಿ ಚಂದಾ ಎತ್ತಿದರು, ಲಾಟರಿ ನಡೆಸಿದರು, ಪುಸ್ತಕದ ಅಂಗಡಿ ಇಟ್ಟು ಕುಳಿತರು. ಬಿಳಿಗಡ್ಡದ ಹಿರಿಯರು ನಾಟಕದ ವೇದಿಕೆಯನ್ನೂ ಏರಿದರು. ಮರ್ಯಾದಸ್ಥರು ಮೂಗು ಮುರಿದರೂ ಲೆಕ್ಕಿಸಲಿಲ್ಲ. ಧಾರ್ಮಿಕ ವಿಷಯಗಳಲ್ಲಿ ಅವರ ಅಭಿಪ್ರಾಯಗಳನ್ನು ಒಪ್ಪದ ಅನೇಕ ಉಲಮಾಗಳು ಅವರ ವಿರುದ್ಧ ಫತ್ವಾ ಹೊರಡಿಸಿದರು. ಮಕ್ಕಾ ಮದೀನಾಗಳಿಂದಲೂ ಫತ್ವಾ ತರಿಸಲಾಯಿತು. ಅವರು ವಾದ ಬೆಳೆಸದೆ, ಕಾಲೇಜಿನ ಧಾರ್ಮಿಕ ಶಿಕ್ಷಣದ ಹೊಣೆಯನ್ನು ಸಂಪ್ರದಾಯಸ್ಥ ವಿದ್ವಾಂಸರಿಗೇ ಬಿಟ್ಟುಕೊಟ್ಟರು. ತಮ್ಮ ಅಭಿಪ್ರಾಯಕ್ಕಿಂತ ಸಂಸ್ಥೆ ದೊಡ್ಡದೆಂದು ಬಗೆದರು.

ಹೈದರಾಬಾದಿನ ನಿಜಾಮ್ ಸರ್ಕಾರ ಕಾಲೇಜಿಗೆ ನಿರಂತರವಾಗಿ ಅನುದಾನ ಕೊಟ್ಟಿತು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಆಗ ನಿಜಾಮರ ಆಡಳಿತದಲ್ಲಿದ್ದವು. ನಮ್ಮ ಕನ್ನಡ ರೈತರು ಕಟ್ಟಿದ ಕಂದಾಯದ ಒಂದು ಪಾಲೂ ಅಲೀಗಢದ ಗೋಡೆಗಳಲ್ಲಿ ಸೇರಿದೆ ಎಂದರೆ ತಪ್ಪಾಗದು. ಪಟಿಯಾಲ ಮತ್ತು ವಿಜಯನಗರಂ ಮಹಾರಾಜರೂ ದಾನಿಗಳಾಗಿದ್ದರು. ರಾಜಾ ಜೈಕಿಷನ್ ದಾಸ್ ಅವರು ಕೊನೆಯವರೆಗೂ ಆಪ್ತರಾಗಿ ಉಳಿದರು. ಕಾಲೇಜಿನ ಬಾಗಿಲು ಹಿಂದೂ ವಿದ್ಯಾರ್ಥಿಗಳಿಗೂ ತೆರೆದಿತ್ತು. ಅಲ್ಲಿಂದ ಪದವಿ ಪಡೆದ ಮೊದಲ ವಿದ್ಯಾರ್ಥಿ ಈಶ್ವರಿ ಪ್ರಸಾದ್.

ನಿಲಯದ ಬಾಳು

ಕಟ್ಟಡಗಳ ವಿನ್ಯಾಸವೇ ಸೈಯದ್ ಅಹ್ಮದ್‌ರ ಮನಸ್ಸನ್ನು ಹೇಳುತ್ತದೆ. ನಡುವೆ ಸ್ಟ್ರಾಚಿ ಹಾಲ್, ಅಂಗಳದ ಸುತ್ತ ಸಾಲು ಕೋಣೆಗಳು, ಕೇಂಬ್ರಿಡ್ಜ್‌ನ ಪ್ರಾರ್ಥನಾ ಮಂದಿರದ ಸ್ಥಾನದಲ್ಲಿ ಜಾಮಾ ಮಸೀದಿ. ಇಟ್ಟಿಗೆಯ ಕೋಣೆಗಳ ಸಾಲಿಗೆ ಪಕ್ಕಾ ಬ್ಯಾರಕ್, ಮಣ್ಣಿನ ಗೋಡೆಯ ಅಗ್ಗದ ವಸತಿಗೆ ಕಚ್ಚಾ ಬ್ಯಾರಕ್ ಎಂದು ಹೆಸರು ಬಿತ್ತು. ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಗೋಡೆಗಳಲ್ಲಿ ಕೂಡಿಸಲಾಯಿತು.

ಪಂಜಾಬಿನಿಂದ ಬಿಹಾರದವರೆಗಿನ ಹುಡುಗರು ಅಲ್ಲಿ ಒಂದೇ ಸೂರಿನಡಿ ಬದುಕಿದರು. ಕಪ್ಪು ಕೋಟು, ಕೆಂಪು ಟರ್ಕಿ ಟೋಪಿ ಅವರ ಸಮವಸ್ತ್ರವಾಯಿತು. ನಮಾಝ್ ಕಡ್ಡಾಯ. ಸುನ್ನಿ ಮತ್ತು ಶಿಯಾ ವಿದ್ಯಾರ್ಥಿಗಳಿಗೆ ಅವರವರ ಧಾರ್ಮಿಕ ಪಾಠ ಬೇರೆ ಬೇರೆ. ಆದರೆ ಮಸೀದಿ ಒಂದೇ, ಊಟದ ಮನೆ ಒಂದೇ. ಸಂಜೆ ಕ್ರಿಕೆಟ್ ಮೈದಾನ. 1884ರಲ್ಲಿ ಕೇಂಬ್ರಿಡ್ಜ್ ಯೂನಿಯನ್ನಿನ ಮಾದರಿಯ ಚರ್ಚಾಕೂಟ ಆರಂಭವಾಯಿತು. 1883ರಲ್ಲಿ ಪ್ರಾಂಶುಪಾಲರಾಗಿ ಬಂದ ಥಿಯೋಡರ್ ಬೆಕ್ ಇನ್ನೂ ತರುಣ. ಅದೇ ವರ್ಷ ಶಿಬ್ಲಿ ನೋಮಾನಿ, 1888ರಲ್ಲಿ ಥಾಮಸ್ ಆರ್ನಾಲ್ಡ್ ಅಧ್ಯಾಪಕರಾಗಿ ಬಂದರು. ಆರ್ನಾಲ್ಡ್ ಶಿಬ್ಲಿಯವರಿಂದ ಅರಬಿ ಕಲಿತರೆ, ಶಿಬ್ಲಿ ಆರ್ನಾಲ್ಡರಿಂದ ಫ್ರೆಂಚ್ ಕಲಿತರು. ಗುರುಗಳೂ ಶಿಷ್ಯರಾಗುವಂಥ ವಾತಾವರಣ ಅದು.

ಕೊರತೆಗಳು

ಮಹನೀಯರ ಚರಿತ್ರೆಯಲ್ಲಿ ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ. ಸರ್ ಸೈಯದ್‌ರ ಕಣ್ಣು ಮೊದಲು ಇದ್ದದ್ದು ಕುಲೀನ ಮನೆತನಗಳ ಹುಡುಗರ ಮೇಲೆ. ನಿಲಯದ ಶುಲ್ಕ ಬಡವರ ಕೈಗೆ ಎಟುಕುವಂತಿರಲಿಲ್ಲ. ಈ ಕೊರತೆಯನ್ನು ತುಂಬಲು ಹೊರಟವರು ನಿಲಯದ ವಿದ್ಯಾರ್ಥಿಗಳೇ. 1890ರಲ್ಲಿ ಸಾಹಿಬ್‌ಜಾದಾ ಆಫ್ತಾಬ್ ಅಹ್ಮದ್ ಖಾನರು ಕಟ್ಟಿದ ‘ಅಂಜುಮನುಲ್ ಫರ್ಜ್’ ಸಂಘದ ಸದಸ್ಯರು ರಜಾದಿನಗಳಲ್ಲಿ ಊರೂರು ಸುತ್ತಿ ಬಡ ವಿದ್ಯಾರ್ಥಿಗಳಿಗಾಗಿ ಹಣ ತಂದರು. ಒಟ್ಟಿಗೆ ಬಾಳಿದ್ದು ಹೊಣೆಗಾರಿಕೆಯನ್ನು ಕಲಿಸಿತ್ತು.

ಹೆಣ್ಣುಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ, ಮೊದಲು ಗಂಡುಮಕ್ಕಳು ಓದಲಿ ಎಂಬುದು ಅವರ ನಿಲುವಾಗಿತ್ತು. ಮಗನನ್ನು ತಿದ್ದಿದ್ದು ಓದುಬಲ್ಲ ಒಬ್ಬ ತಾಯಿ ಎಂಬುದನ್ನು ನೆನೆದರೆ ಇದು ಅಚ್ಚರಿಯೇ ಸರಿ. ಸಂಸ್ಥೆಯ ಆಡಳಿತದಲ್ಲೂ ಅವರು ಹಠವಾದಿ. 1889ರಲ್ಲಿ ಟ್ರಸ್ಟಿಗಳ ನಿಯಮ ರೂಪಿಸಿ, ತಮ್ಮ ನಂತರ ಮಗ ಮಹಮೂದ್ ಕಾರ್ಯದರ್ಶಿಯಾಗುವಂತೆ ಮಾಡಿದಾಗ ಸಮೀವುಲ್ಲಾ ಖಾನರು ಮನನೊಂದು ದೂರವಾದರು. ಆದರೆ ಅವರು ಸುಮ್ಮನೆ ಕೂರಲಿಲ್ಲ. ಅಲಾಹಾಬಾದಿನ ಮ್ಯೂರ್ ಕಾಲೇಜಿನಲ್ಲಿ ಓದುವ ಮುಸ್ಲಿಂ ಹುಡುಗರಿಗಾಗಿ 1892ರಲ್ಲಿ ಹಾಸ್ಟೆಲ್ ಒಂದನ್ನು ಕಟ್ಟಿಸಿದರು. ಸ್ನೇಹ ಮುರಿದರೂ ಇಬ್ಬರ ಗುರಿ ಒಂದೇ ಆಗಿತ್ತು.

ಕೊನೆಯ ದಿನಗಳು

1895ರಲ್ಲಿ ಕಾಲೇಜಿನ ಹೆಡ್ ಕ್ಲಾರ್ಕ್ ಒಂದು ಲಕ್ಷ ರೂಪಾಯಿಗೂ ಹೆಚ್ಚು ಹಣ ಲಪಟಾಯಿಸಿದ್ದು ಬೆಳಕಿಗೆ ಬಂತು. ಬಿಡಿಗಾಸು ಕೂಡಿಸಿ ಕಟ್ಟಿದ ನಿಧಿ ಅದು. ಲೆಕ್ಕವನ್ನು ಸ್ವತಃ ನೋಡದೆ ನಂಬಿದ್ದಕ್ಕೆ ವೃದ್ಧರು ತೆತ್ತ ಬೆಲೆ ದೊಡ್ಡದು. ವಿದ್ಯಾರ್ಥಿಗಳ ಸಂಖ್ಯೆಯೂ ಇಳಿಯಿತು. ಪ್ರತಿಭಾವಂತ ಮಗ ಮಹಮೂದ್ ಕುಡಿತಕ್ಕೆ ಬಲಿಯಾಗಿ, ತಂದೆ ತಮ್ಮ ಮನೆಯನ್ನೇ ಬಿಟ್ಟು ಹೋಗಬೇಕಾಯಿತು. ಸಾವಿರಾರು ಹುಡುಗರಿಗೆ ಮನೆ ಕಟ್ಟಿಸಿದವರು 1898ರ ಮಾರ್ಚ್ 27ರಂದು ಸ್ನೇಹಿತರೊಬ್ಬರ ಮನೆಯಲ್ಲಿ ಕೊನೆಯುಸಿರೆಳೆದರು. ಕಾಲೇಜಿನ ಮಸೀದಿಯ ಪಕ್ಕದಲ್ಲಿ, ವಿದ್ಯಾರ್ಥಿಗಳು ದಿನವೂ ಓಡಾಡುವ ಜಾಗದಲ್ಲಿ ಅವರನ್ನು ದಫನ ಮಾಡಲಾಯಿತು.

ಬಿಟ್ಟುಹೋದದ್ದನ್ನು ಪೂರೈಸಿದವರು

ಸಂಸ್ಥೆ ಅವರ ಜೊತೆ ಮುಗಿಯಲಿಲ್ಲ. ಮೊಹ್ಸಿನುಲ್ ಮುಲ್ಕ್ ಮತ್ತು ವಿಖಾರುಲ್ ಮುಲ್ಕ್ ಒಬ್ಬರ ನಂತರ ಒಬ್ಬರು ಅದನ್ನು ಎತ್ತಿ ನಿಲ್ಲಿಸಿದರು. 1920ರಲ್ಲಿ ಕಾಲೇಜು ವಿಶ್ವವಿದ್ಯಾಲಯವಾಯಿತು. ಸರ್ ಸೈಯದ್, ಆಫ್ತಾಬ್, ಮೊಹ್ಸಿನುಲ್ ಮುಲ್ಕ್, ವಿಖಾರುಲ್ ಮುಲ್ಕ್ ಇವರ ಹೆಸರುಗಳಲ್ಲಿ ಅಲ್ಲಿ ಹಾಲ್‌ಗಳಿವೆ. ಅಲಿ ಸಹೋದರರು, ಹಸ್ರತ್ ಮೋಹಾನಿ ಅಲ್ಲಿ ಓದಿದವರು. 1967ರಲ್ಲಿ ರಾಷ್ಟ್ರಪತಿಯಾದ ಡಾ. ಝಾಕಿರ್ ಹುಸೇನ್ ಕೂಡ ಅಲ್ಲಿಯ ವಿದ್ಯಾರ್ಥಿ. ಸರ್ ಸೈಯದ್ ಬ್ರಿಟಿಷ್ ನಿಷ್ಠೆಯನ್ನು ಬಯಸಿದ್ದರೆ, ಅವರ ನಿಲಯದಲ್ಲಿ ಬೆಳೆದ ಹುಡುಗರು ಅದೇ ಸರ್ಕಾರದ ವಿರುದ್ಧ ನಿಂತು ಜೈಲಿಗೆ ಹೋದರು. ಕೂಡಿ ಚರ್ಚಿಸಲು ಕಲಿತವರು ಸ್ವತಂತ್ರವಾಗಿ ಯೋಚಿಸಲೂ ಕಲಿತರು.

ಹೆಣ್ಣುಮಕ್ಕಳ ಬಾಗಿಲನ್ನು ತೆರೆದವರು ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ. 1906ರಲ್ಲಿ ಆರಂಭವಾದ ಅವರ ಶಾಲೆಗೆ 1914ರಲ್ಲಿ ಹಾಸ್ಟೆಲ್ ಸೇರಿತು. ಭೋಪಾಲದ ಸುಲ್ತಾನ್ ಜಹಾನ್ ಬೇಗಂ ಅದನ್ನು ಉದ್ಘಾಟಿಸಿದರು. ಮನೆಯಿಂದ ಮಗಳನ್ನು ಹೊರಗೆ ಕಳಿಸಲು ಜನ ಅಂಜುತ್ತಿದ್ದ ಆ ಕಾಲದಲ್ಲಿ ವಹೀದ್ ಜಹಾನ್ ಆ ಹುಡುಗಿಯರನ್ನು ತಾಯಿಯಂತೆ ನೋಡಿಕೊಂಡರು. ಆ ಶಾಲೆಯೇ ಮುಂದೆ ಮಹಿಳಾ ಕಾಲೇಜಾಯಿತು. 2024ರಲ್ಲಿ ಅದರ ಪ್ರಾಂಶುಪಾಲೆಯಾಗಿದ್ದ ನಯೀಮಾ ಖಾತೂನ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಕುಲಪತಿಯಾದರು.

ವಿದ್ಯಾರ್ಥಿ ಮಿತ್ರರೇ, ಇಂದು ನಿಮ್ಮಲ್ಲಿ ಅನೇಕರು ಊರು ಬಿಟ್ಟು ಹಾಸ್ಟೆಲಿನಲ್ಲಿ ಓದುತ್ತಿದ್ದೀರಿ. ಅನ್ನ ಸರಿಯಿಲ್ಲ, ನೀರು ಸಾಲದು ಎಂಬ ದೂರುಗಳು ಇದ್ದೇ ಇರುತ್ತವೆ. ಅವುಗಳನ್ನು ಸರಿಪಡಿಸುವುದು ನಮ್ಮಂಥ ಸಂಸ್ಥೆಗಳ ಹೊಣೆ. ಆದರೆ ಪಕ್ಕದ ಹಾಸಿಗೆಯ ಗೆಳೆಯ ಬೇರೆ ಜಿಲ್ಲೆಯವನು, ಬೇರೆ ಮಾತಿನವನು, ನಿಮಗಿಂತ ಬಡವನಿರಬಹುದು. ಅವನ ಜೊತೆ ಬಾಳುವುದೂ ಒಂದು ಪಾಠವೆಂದು ತಿಳಿಯಿರಿ. ಸಂಘದ ಸದಸ್ಯರು ಸಹ ಒಂದು ಮಾತನ್ನು ನೆನಪಿಡಬೇಕು. ವಿದ್ಯಾರ್ಥಿವೇತನ ಕೊಟ್ಟರೆ ಒಬ್ಬನ ಶುಲ್ಕ ತೀರುತ್ತದೆ. ಒಳ್ಳೆಯ ನಿಲಯ ಕಟ್ಟಿದರೆ ಒಂದು ತಲೆಮಾರು ಬೆಳೆಯುತ್ತದೆ. ಅಲೀಗಢದ ಆ ಹಳೆಯ ಅಂಗಳ ನಮಗೆ ಹೇಳುವುದು ಇದನ್ನೇ.