ಮಗನಿಗೆ ಗಗನವಿದ್ಯೆ ಕಲಿಸಿದ ತಾಯಿ

ಈಸೂರಿನಂಥ ಕೃಷಿಕರ ಊರುಗಳಲ್ಲಿ ನೇಗಿಲ ವಿದ್ಯೆಯನ್ನು ಯಾವ ಗ್ರಂಥದಿಂದಲೂ ಕಲಿತವರಿಲ್ಲ. ಮೇಣಿ ಹಿಡಿದ ತಂದೆಯ ಕೈಯ ಮೇಲೆ ಮಗನು ಕೈಯಿಟ್ಟು ಕಲಿತದ್ದೇ ಅದು. ವಿಮಾನ ನಡೆಸುವ ವಿದ್ಯೆಯೂ ಒಮ್ಮೆ ಹೀಗೆಯೇ ಮನೆಯೊಳಗೆ ಕೈಯಿಂದ ಕೈಗೆ ದಾಟಿತೆಂದರೆ ವಾಚಕರಿಗೆ ಸೋಜಿಗವೆನಿಸೀತು. ಅಲ್ಲಿ ಗುರುಸ್ಥಾನದಲ್ಲಿದ್ದವರು ತಾಯಿ, ಇಂಗ್ಲೆಂಡಿನ ಹಿಲ್ಡಾ ಹ್ಯೂಲೆಟ್ ಅವರು.

1864ರಲ್ಲಿ ಲಂಡನ್ನಿನ ಪಾದ್ರಿಯೊಬ್ಬರ ಮಗಳಾಗಿ ಜನಿಸಿದ ಹಿಲ್ಡಾ, ಕಾದಂಬರಿಕಾರ ಮಾರಿಸ್ ಹ್ಯೂಲೆಟ್ ಅವರನ್ನು 1888ರಲ್ಲಿ ವರಿಸಿದರು. 1909ರಲ್ಲಿ ಬ್ಲ್ಯಾಕ್‌ಪೂಲಿನಲ್ಲಿ ವಿಮಾನಗಳ ಹಾರಾಟವನ್ನು ಕಂಡಾಗ ಅವರ ವಯಸ್ಸು ನಲವತ್ತೈದು; ಹೊಸ ವಿದ್ಯೆಗೆ ತೊಡಗುವ ವಯಸ್ಸೆಂದು ಯಾರೂ ಹೇಳರು. ಸ್ತ್ರೀಯರಿಗೆ ಇದಕ್ಕೆ ತಕ್ಕ ಎದೆಗಾರಿಕೆಯಿಲ್ಲವೆಂಬುದು ಪತಿಯ ಮತವಾಗಿತ್ತು. ಹಿಲ್ಡಾ ಹೆಸರು ಮರೆಸಿಕೊಂಡು ಫ್ರಾನ್ಸಿಗೆ ತೆರಳಿ, ಎಂಜಿನಿಯರ್ ಗುಸ್ತಾವ್ ಬ್ಲಾಂಡೋ ಅವರೊಡನೆ ಫಾರ್ಮನ್ ವಿಮಾನವೊಂದನ್ನು ಪಡೆದು ಹಿಂದಿರುಗಿದರು. 1910ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಇಬ್ಬರೂ ಕೂಡಿ ಶಾಲೆ ತೆರೆದರು. 1911ರ ಆಗಸ್ಟ್ 29ರಂದು ಹಿಲ್ಡಾ ಚಾಲನಾ ಪರವಾನಗಿ ಪಡೆದರು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಪ್ರಥಮ ಮಹಿಳೆ ಅವರೇ.

ಆ ವಿಮಾನವೆಂದರೆ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಎರಡು ಅಂತಸ್ತಿನ ರೆಕ್ಕೆ, ಅಷ್ಟೆ. ಚಾಲಕನು ಕೆಳರೆಕ್ಕೆಯ ಮುಂಭಾಗದಲ್ಲಿ, ಯಾವ ಮರೆಯೂ ಇಲ್ಲದೆ, ಗಾಳಿಗೆ ಎದುರಾಗಿ ಕುಳಿತಿರಬೇಕು. ಶಿಷ್ಯನಿಗೆ ಪ್ರತ್ಯೇಕ ಚಾಲನದಂಡವಿರಲಿಲ್ಲ. ಅವನು ಹಿಂದೆ ಕುಳಿತು, ಗುರುವಿನ ಹೆಗಲ ಮೇಲಿಂದ ಕೈಚಾಚಿ ಅದೇ ದಂಡವನ್ನು ಹಿಡಿದು ಅದರ ಚಲನೆಯನ್ನು ಅರಿಯಬೇಕಾಗಿತ್ತು. ಕಾಲಿನ ಸಲಾಕೆಯಂತೂ ಅವನಿಗೆ ಎಟುಕುತ್ತಲೇ ಇರಲಿಲ್ಲ. ಗಾಳಿ ತಣ್ಣಗಿರುವ ಮುಂಜಾವು, ಮುಸ್ಸಂಜೆಗಳೇ ಪಾಠದ ವೇಳೆ. ಆ ಶಾಲೆಯಲ್ಲಿ 13 ಮಂದಿ ಪರವಾನಗಿ ಪಡೆದರು, ಒಂದು ಅಪಘಾತವೂ ಸಂಭವಿಸಲಿಲ್ಲ. ಅಂದಿನ ವಿಮಾನಗಳ ಸ್ಥಿತಿಯನ್ನು ಬಲ್ಲವರಿಗೆ ಇದು ಸಾಮಾನ್ಯ ಸಂಗತಿಯಲ್ಲ.

ಶಿಷ್ಯರಲ್ಲೊಬ್ಬ ನೌಕಾಪಡೆಯ ತರುಣ ಅಧಿಕಾರಿಯಾಗಿದ್ದ ಸ್ವಂತ ಮಗ ಫ್ರಾನ್ಸಿಸ್. 1911ರ ನವೆಂಬರಿನಲ್ಲಿ ಅವನೂ ಉತ್ತೀರ್ಣನಾದನು.

ಕಲಿಸಿದ ವಿದ್ಯೆಯೇ ಆ ತಾಯಿಯನ್ನು ಕಠಿಣ ಪರೀಕ್ಷೆಗೆ ಒಡ್ಡಿತು. 1914ರ ಡಿಸೆಂಬರ್ 25ರಂದು ಜರ್ಮನಿಯ ಕುಕ್ಸ್‌ಹಾವೆನ್ ಮೇಲೆ ನಡೆದ ದಾಳಿಗೆ ಹೊರಟ ಏಳು ಕಡಲವಿಮಾನಗಳಲ್ಲಿ ಒಂದನ್ನು ಫ್ರಾನ್ಸಿಸ್ ನಡೆಸುತ್ತಿದ್ದನು. ಎಂಜಿನ್ ಕೆಟ್ಟು ಅದು ಸಮುದ್ರಕ್ಕಿಳಿಯಿತು. ಅವನು ಮಡಿದನೆಂದೇ ಎಣಿಸಲಾಯಿತು. ಆದರೆ ಡಚ್ಚರ ಮೀನುಗಾರಿಕೆ ಹಡಗೊಂದು ಅವನನ್ನು ಎತ್ತಿಕೊಂಡಿತ್ತು. ಹಾಲೆಂಡಿನ ಮಾರ್ಗವಾಗಿ ಅವನು ಸುರಕ್ಷಿತನಾಗಿ ಹಿಂದಿರುಗಿದನು.

ಹಿಲ್ಡಾ ಹಾಗೂ ಬ್ಲಾಂಡೋ ಅವರ ಕಾರ್ಖಾನೆಯು ಆ ಮಹಾಯುದ್ಧದ ಅವಧಿಯಲ್ಲಿ 800ಕ್ಕೂ ಹೆಚ್ಚು ವಿಮಾನಗಳನ್ನು ನಿರ್ಮಿಸಿತು. ಮುಂದೆ ನ್ಯೂಜಿಲೆಂಡಿನ ಟೌರಂಗಾದಲ್ಲಿ ನೆಲೆಸಿದ ಹಿಲ್ಡಾ, 1932ರಲ್ಲಿ ಅಲ್ಲಿನ ವಿಮಾನಯಾನ ಸಂಘದ ಪ್ರಥಮ ಅಧ್ಯಕ್ಷೆಯಾದರು. 1943ರ ಆಗಸ್ಟ್ 21ರಂದು ನಿಧನರಾದ ಅವರ ದೇಹವನ್ನು ಸಮುದ್ರಕ್ಕೆ ಒಪ್ಪಿಸಲಾಯಿತು.