ಸೇವಾದಳ ಕಟ್ಟಿದ ಡಾ. ಹರ್ಡೀಕರ

ಮಕ್ಕಳೇ, ಶಾಲೆಯಲ್ಲಿ ನಿಮಗೆ ಪರೀಕ್ಷೆ ಇರುತ್ತದೆ. ಬರೆದ ಉತ್ತರ ನೋಡಿ ಗುರುಗಳು ಅಂಕ ಕೊಡುತ್ತಾರೆ. ಆದರೆ ತರುಣರ ಒಂದು ಸೇವಾ ತಂಡಕ್ಕೆ ಪರೀಕ್ಷೆ ಹೇಗೆ? ಅದು ಒಳ್ಳೆಯ ತಂಡವೆಂದು ತಿಳಿಯುವುದು ಹೇಗೆ? ಡಾ. ನಾರಾಯಣ ಸುಬ್ಬರಾವ ಹರ್ಡೀಕರರ ಜೀವನ ಇದಕ್ಕೆ ಉತ್ತರ ಕೊಡುತ್ತದೆ.

ಹರ್ಡೀಕರರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ಲೋಕಮಾನ್ಯ ತಿಲಕರ ವಿಚಾರಗಳು ಅವರ ಮನಸ್ಸಿನಲ್ಲಿ ದೇಶಭಕ್ತಿಯನ್ನು ತುಂಬಿದವು. ಕಲಕತ್ತೆಯಲ್ಲಿ ವೈದ್ಯಶಿಕ್ಷಣ ಪಡೆದರು. ಮುಂದೆ ಅಮೇರಿಕೆಯ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಕಲಿತರು. ಅಲ್ಲಿ ಲಾಲಾ ಲಜಪತರಾಯರ ಜೊತೆಗೂಡಿ ಭಾರತದ ಸ್ವಾತಂತ್ರ್ಯಕ್ಕಾಗಿ ದುಡಿದರು. 1921ರಲ್ಲಿ ತಾಯ್ನಾಡಿಗೆ ಮರಳಿದರು. ಡಾಕ್ಟರರಾಗಿ ಹಣ ಗಳಿಸಬಹುದಾಗಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿ ಸೇವಾಮಂಡಳ ಕಟ್ಟಿದರು.

ಉತ್ಸಾಹವೊಂದೇ ಸಾಲದು, ಶಿಸ್ತೂ ಬೇಕು ಎಂಬುದು ಅವರ ನಂಬಿಕೆಯಾಗಿತ್ತು. ಆದ್ದರಿಂದ ತರುಣರಿಗೆ ವ್ಯಾಯಾಮ, ಕವಾಯತು ಕಲಿಸಿದರು. ಸಮಯಕ್ಕೆ ಸರಿಯಾಗಿ ಬರುವುದು, ಒಪ್ಪಿದ ಕೆಲಸವನ್ನು ಪೂರ್ಣ ಮಾಡುವುದು ಅವರಿಗೆ ರೂಢಿಯಾಯಿತು.

1923ರಲ್ಲಿ ಈ ತಂಡಕ್ಕೆ ನಿಜವಾದ ಪರೀಕ್ಷೆ ಬಂದಿತು. ನಾಗಪುರದಲ್ಲಿ ಝಂಡಾ ಸತ್ಯಾಗ್ರಹ ನಡೆದಿತ್ತು. ಚರಕದ ಚಿತ್ರವಿದ್ದ ಧ್ವಜವನ್ನು ಹಿಡಿದು ನಡೆದವರನ್ನು ಬ್ರಿಟಿಷ್ ಸರಕಾರ ಸೆರೆಮನೆಗೆ ತಳ್ಳುತ್ತಿತ್ತು. ಹುಬ್ಬಳ್ಳಿಯ ತರುಣರೂ ಹರ್ಡೀಕರರ ಜೊತೆ ಅಲ್ಲಿಗೆ ಹೋಗಿ ಸೆರೆಯಾದರು. ಸೆರೆಮನೆಯ ಕಷ್ಟ ತಾಳಲಾರದೆ ಅನೇಕರು ಕ್ಷಮೆ ಬೇಡಿ ಹೊರಬಂದರು. ಹುಬ್ಬಳ್ಳಿಯ ತಂಡ ಮಾತ್ರ ಕ್ಷಮೆ ಬೇಡಲಿಲ್ಲ. ಶಿಕ್ಷೆಯನ್ನು ಪೂರ್ಣ ಅನುಭವಿಸಿತು.

ದೇಶದ ನಾಯಕರು ಇದನ್ನು ಗಮನಿಸಿದರು. ಇಂಥ ತಂಡ ದೇಶಕ್ಕೆಲ್ಲ ಬೇಕೆಂದು ಅವರಿಗೆ ಅನಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಮಯದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಆ ತಂಡಕ್ಕೆ ಸಿಕ್ಕ ಬಹುಮಾನ ಪದಕವಲ್ಲ, ಇನ್ನೂ ದೊಡ್ಡ ಜವಾಬ್ದಾರಿ!

ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಅಧಿವೇಶನ ಸೇರಿತು. ಸಾವಿರಾರು ಜನ ಬಂದರು. ಸ್ವಯಂಸೇವಕರು ಹಗಲಿರುಳು ದುಡಿದರು. ಉಮಾಬಾಯಿ ಕುಂದಾಪುರ ಅವರು ನೂರೈವತ್ತರಷ್ಟು ಸ್ವಯಂಸೇವಕಿಯರನ್ನು ಸಿದ್ಧಗೊಳಿಸಿದ್ದರು. ಹೆಣ್ಣುಮಕ್ಕಳು ಮನೆಯಿಂದ ಹೊರಬರುವುದೇ ಕಷ್ಟವಾಗಿದ್ದ ಕಾಲವದು!

1932ರಲ್ಲಿ ಸರಕಾರ ಸೇವಾದಳವನ್ನು ನಿಷೇಧಿಸಿತು. ಹರ್ಡೀಕರರು ಧೈರ್ಯಗುಂದಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಅವರು ರಾಜ್ಯಸಭೆಯ ಸದಸ್ಯರಾದರು. 1958ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು. 1975ರ ಆಗಸ್ಟ್ 26ರಂದು ಅವರು ತೀರಿಕೊಂಡರು.

ಮಕ್ಕಳೇ, ನಿಮ್ಮ ಉಮರ್ಗಾ, ನಿಲಂಗಾ, ಉದಗೀರದ ಹಿರಿಯರೂ ಸೇವೆಯ ಬೆಲೆಯನ್ನು ಕಂಡವರೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತಮುತ್ತ ಭೂಕಂಪವಾಯಿತು. ಉಮರ್ಗಾ ಭಾಗದ ಹಳ್ಳಿಗಳಲ್ಲಿಯೂ ಮನೆಗಳು ಕುಸಿದವು. ಆಗ ಬೇರೆ ಬೇರೆ ಊರುಗಳಿಂದ ಸ್ವಯಂಸೇವಕರು ಓಡಿ ಬಂದರು. ಕಲ್ಲುಮಣ್ಣು ಸರಿಸಿದರು, ಗಾಯಗೊಂಡವರಿಗೆ ನೆರವಾದರು. ಅವರು ಯಾವ ಸಮವಸ್ತ್ರ ಧರಿಸಿದ್ದಾರೆ ಎಂದು ಅಂದು ಯಾರೂ ನೋಡಲಿಲ್ಲ.

ಸ್ಕೌಟ್ ಮತ್ತು ಗೈಡ್ ಚಳವಳಿಯಲ್ಲಿ ದೊಡ್ಡ ವಯಸ್ಸಿನ ತರುಣರಿಗೆ ರೋವರ್, ತರುಣಿಯರಿಗೆ ರೇಂಜರ್ ಎನ್ನುತ್ತಾರೆ. ಅವರಿಗೂ ಸೇವೆಯೇ ಮುಖ್ಯ. ನಾಳೆ ನೀವೂ ಅಂಥ ತಂಡ ಸೇರಬಹುದು. ಆಗ ಎದೆಯ ಮೇಲಿನ ಬಿಲ್ಲೆಗಳನ್ನು ಎಣಿಸಬೇಡಿ. ಕಷ್ಟ ಬಂದಾಗ ತಂಡ ಒಟ್ಟಾಗಿ ನಿಂತಿತೇ? ಒಪ್ಪಿದ ಕೆಲಸ ಮುಗಿಸಿತೇ? ಯಾರಿಗೆ ನೆರವಾಯಿತು? ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಪದಗಳ ಅರ್ಥ
ಕವಾಯತು – ಸಾಲಾಗಿ ನಿಂತು ಮಾಡುವ ಶಿಸ್ತಿನ ವ್ಯಾಯಾಮ
ನಸುಕು – ಬೆಳಗಿನ ಜಾವ
ನಿಷೇಧಿಸು – ನಡೆಸಬಾರದೆಂದು ತಡೆ

ಅಭ್ಯಾಸ
1. ಹರ್ಡೀಕರರು ತರುಣರಿಗೆ ಏನೇನು ಕಲಿಸಿದರು?
2. ನಾಗಪುರದಲ್ಲಿ ಹುಬ್ಬಳ್ಳಿಯ ತಂಡ ಹೇಗೆ ನಡೆದುಕೊಂಡಿತು?
3. ಉಪಕ್ರಮ: ಭೂಕಂಪದ ಸಮಯದಲ್ಲಿ ನೆರವಾದವರ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಐದು ವಾಕ್ಯ ಬರೆಯಿರಿ.